ಆಯುಧಪೂಜೆಯಲ್ಲಿ ಕಳೆದ ಉಕ್ಕಿನ ಎಲೆ

ಕಾರಿನಲ್ಲಿ ಬಂದವರು ಚಿನ್ನ ಕಳೆದುಕೊಂಡಿರುತ್ತಾರೆ, ಸೈಕಲ್ಲಿನಲ್ಲಿ ಬಂದವರು ಡೈನಮೋ ಕಳೆದುಕೊಂಡಿರುತ್ತಾರೆ, ನಡೆದುಕೊಂಡು ಬಂದವರು ಹಸು ಕಳೆದುಕೊಂಡಿರುತ್ತಾರೆ. ಹೊಸಕೋಟೆ ಠಾಣೆಯ ಸಬ್ ಇನ್ಸ್‌ಪೆಕ್ಟರ್ ರಾಮಾಂಜಿನಪ್ಪನವರು ತಮ್ಮ ನೌಕರಿಯಲ್ಲಿ ಕಟ್ಟಿಕೊಂಡಿದ್ದ ಲೆಕ್ಕಾಚಾರ ಇದು. ೧೯೭೩ರ ಅಕ್ಟೋಬರ್ ಎಂಟನೇ ತಾರೀಖು ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಆ ಲೆಕ್ಕಾಚಾರ ತಲೆಕೆಳಗಾಯಿತು.

ಬಿಳಿ ಅಂಬಾಸಡರ್ ಕಾರಿನಿಂದ ಇಳಿದವರು ವರದಾಚಾರ್. ಹಳೇ ಮದರಾಸು ರಸ್ತೆಯಲ್ಲಿರುವ ಮಂಜುಘೋಷ ರೇಡಿಯೋ ಕಂಪನಿಯ ಜನರಲ್ ಮ್ಯಾನೇಜರ್. ಟೈಪು ಮಾಡಿಸಿ ತಂದ ದೂರನ್ನು ಮೇಜಿನ ಮೇಲಿಟ್ಟು ಕುಳಿತರು. ಕಳುವಾದ ಮಾಲು ಎಂಬ ಕಡೆ ಒಂದೇ ಒಂದು ಪದವಿತ್ತು: ಕ್ಯಾಮ್.

“ಹಾಗಂದ್ರೇನು ಸಾರ್?” ಎಂದು ರಾಮಾಂಜಿನಪ್ಪ ಕೇಳಿದರು.

ವರದಾಚಾರ್ ಅಂಗೈ ಚಾಚಿ ತೋರಿಸಿದರು. “ಇಷ್ಟಗಲ ಉಕ್ಕಿನ ತುಂಡು. ವೀಳ್ಯದೆಲೆ ಆಕಾರ. ರೇಡಿಯೋ ಒಳಗೆ ತಾಮ್ರದ ತಂತಿ ಸುರುಳಿ ಇರುತ್ತಲ್ಲ, ಆ ಸುರುಳಿ ಸುತ್ತುವಾಗ ತಂತಿಯನ್ನ ಎಡಕ್ಕೆ ಬಲಕ್ಕೆ ಸಮವಾಗಿ ಓಡಾಡಿಸೋದು ಇದೇ. ಇದಿಲ್ಲದೆ ಹೋದ್ರೆ ಜರ್ಮನಿಯಿಂದ ತರಿಸಿದ ನಮ್ಮ ಹೊಸ ಮಿಷನ್ನು ಬರೀ ಕಬ್ಬಿಣದ ಬೀರು.”

“ಇನ್ನೊಂದು ತರಿಸಬಹುದಲ್ಲ?”

“ಡೆಲ್ಲಿಯಿಂದ ಲೈಸೆನ್ಸು, ವಿದೇಶಿ ವಿನಿಮಯ, ಹಡಗು, ಕಸ್ಟಮ್ಸು. ಎಂಟು ತಿಂಗಳು ಹಿಡಿಯುತ್ತೆ. ಇವತ್ತು ಟ್ರಯಲ್ ಇತ್ತು, ಮುಚ್ಚಳ ತೆಗೆದು ನೋಡಿದ್ರೆ ಮಾಯ. ಬರೋ ಸೋಮವಾರ ಬೊಂಬಾಯಿಯಿಂದ ಡೈರೆಕ್ಟರುಗಳು ಮಿಷನ್ನು ಓಡೋದನ್ನ ನೋಡೋಕೆ ಬರ್ತಾರೆ.”

“ಯಾರ ಮೇಲಾದ್ರೂ ಅನುಮಾನ ಇದೆಯಾ?”

“ಅನುಮಾನ ಅಲ್ಲ, ಖಚಿತ. ಮುನಾವರ್ ಪಾಷಾ ಅಂತ, ನಮ್ಮ ಫಿಟ್ಟರು, ಯೂನಿಯನ್ ಕಾರ್ಯದರ್ಶಿ. ದಸರಾಕ್ಕೆ ಮುಂಚೆ ಗೇಟಿನ ಎದುರು ನಿಂತು, ಈ ಮಿಷನ್ನು ಒಂದು ದಿನವೂ ಓಡಲ್ಲ ಅಂತ ಭಾಷಣ ಮಾಡಿದ್ದಾನೆ. ಕಾರ್ಖಾನೆ ಪೂರ್ತಿ ಕೇಳಿಸ್ಕೊಂಡಿದೆ.”

ಭಾರತ ದಂಡ ಸಂಹಿತೆ ಕಲಂ ೩೮೧, ನೌಕರನಿಂದ ಮಾಲೀಕನ ಸ್ವತ್ತಿನ ಕಳವು. ರಾಮಾಂಜಿನಪ್ಪ ಎಫ್‌ಐಆರ್ ದಾಖಲಿಸಿದರು. ವೀಳ್ಯದೆಲೆಯಷ್ಟು ಉಕ್ಕಿಗೆ ಇಷ್ಟು ದೊಡ್ಡ ಕಾರು ಯಾಕೆ ಬಂತು ಎಂಬ ಕುತೂಹಲ ಮಾತ್ರ ಅವರ ತಲೆಯೊಳಗೆ ನೊಣದಂತೆ ಹೊಕ್ಕಿತು. ಹೊಕ್ಕ ನೊಣ ಮಾರನೆಯ ಸಂಜೆಯ ತನಕ ಹೊರಗೆ ಬರಲಿಲ್ಲ.

ಮಂಜುಘೋಷ ಕಂಪನಿಯ ಮೊಗಸಾಲೆಯಲ್ಲಿ ಒಂದು ದೊಡ್ಡ ಹಲಗೆಯಿತ್ತು. ವರ್ಷವರ್ಷದ ವ್ಯಾಪಾರವನ್ನು ಅದರ ಮೇಲೆ ಕೆಂಪು ಗೆರೆಯಲ್ಲಿ ಎಳೆದಿದ್ದರು. ಗೆರೆ ನಂದಿಬೆಟ್ಟ ಹತ್ತಿದ ಹಾಗೆ ಹತ್ತಿತ್ತು. ಕೆಳಗೆ ದಪ್ಪಕ್ಷರ: ಈ ವರ್ಷ ತಯಾರಾದ ರೇಡಿಯೋ ಒಂದು ಲಕ್ಷ ಮೂವತ್ತು ಸಾವಿರ, ಲಾಭ ಹೋದ ವರ್ಷಕ್ಕಿಂತ ಮೂರನೇ ಒಂದು ಪಾಲು ಹೆಚ್ಚು, ಕೆಲಸಗಾರರು ಸಾವಿರದ ನೂರು. ರಾಮಾಂಜಿನಪ್ಪ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು ಅದನ್ನೇ ನೋಡುತ್ತ ನಿಂತರು.

“ಕಂಪನಿ ಚೆನ್ನಾಗಿ ನಡೀತಿದೆ. ಇನ್ನೂ ಜನ ತಗೋತೀರಿ ಅನ್ನಿ,” ಎಂದರು.

“ಇಲ್ಲ, ತಂತಿ ಸುತ್ತೋ ಕಾಯಿಲ್ ಸೆಕ್ಷನ್ನಿಂದ ನಲವತ್ತೆರಡು ಜನರನ್ನ ಬಿಡ್ತಿದ್ದೀವಿ. ಮಿಷನ್ನು ಟ್ರಯಲ್ ಆದ ದಿನವೇ ನೋಟೀಸು,” ಎಂದರು ವರದಾಚಾರ್.

“ನಷ್ಟ ಆದಾಗ ಜನರನ್ನ ತೆಗೀತಾರೆ ಅಂತ ಕೇಳಿದ್ದೆ. ಲಾಭ ಆದಾಗ್ಲೂ ತೆಗೀತಾರಾ?”

ವರದಾಚಾರ್ ಹಲಗೆಯ ಕಡೆ ಬೆರಳು ತೋರಿಸಿದರು. “ಬರೋ ವರ್ಷವೂ ಆ ಗೆರೆ ಮೇಲಕ್ಕೇ ಹೋಗ್ಬೇಕಲ್ಲ, ಇನ್ಸ್‌ಪೆಕ್ಟರೇ.”

ರಾಮಾಂಜಿನಪ್ಪನ ಊರು ಚನ್ನರಾಯಪಟ್ಟಣದ ಕಡೆ. ಅಲ್ಲಿ ರಾಗಿ ಹುಲುಸಾಗಿ ಬಂದ ವರ್ಷ ಅವರಪ್ಪ ಕೊಯ್ಲಿಗೆ ಇನ್ನೂ ನಾಲ್ಕು ಆಳು ಕರೆಯುತ್ತಿದ್ದರು. ಬೆಳೆ ಹೆಚ್ಚಾಯಿತು, ಆದ್ದರಿಂದ ಆಳು ಬೇಡ ಎನ್ನುವ ಬೇಸಾಯವನ್ನು ಅವರು ಕಂಡಿರಲಿಲ್ಲ. ಹಾಗಿದ್ದರೂ ಅದು ತನಿಖೆಗೆ ಸಂಬಂಧಪಟ್ಟ ಪ್ರಶ್ನೆಯಲ್ಲ ಎಂದುಕೊಂಡು ಒಳಗೆ ನಡೆದರು.

ಕಾಯಿಲ್ ಸೆಕ್ಷನ್ ಎಂದರೆ ಉದ್ದನೆಯ ಹಜಾರ. ಸಾಲಾಗಿ ಇನ್ನೂರು ಹೆಂಗಸರು, ಒಬ್ಬೊಬ್ಬರ ಮುಂದೆ ಕೈಯಲ್ಲಿ ತಿರುಗಿಸುವ ಒಂದೊಂದು ಸಣ್ಣ ಮಿಷನ್ನು. ಹಜಾರದ ತುದಿಗೆ ಗಾಜಿನ ಕೋಣೆ, ಅದರೊಳಗೆ ಜರ್ಮನಿಯ ಮಿಷನ್ನು. ಒಣಗಿದ ಚೆಂಡುಹೂವಿನ ಹಾರ ಹಾಕಿಕೊಂಡು, ಮೈತುಂಬ ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಮಾವನ ಮನೆಗೆ ಬಂದ ಹೊಸ ಅಳಿಯನ ಹಾಗೆ ಬಿಗಿದುಕೊಂಡು ಕೂತಿತ್ತು.

ಆಯುಧಪೂಜೆ ಶುಕ್ರವಾರ. ಆ ದಿನ ರಜೆಯಾದ್ದರಿಂದ ಕಾರ್ಖಾನೆಯಲ್ಲಿ ಗುರುವಾರವೇ ಪೂಜೆ ಮುಗಿಸಿದ್ದರು. ವರ್ಷಕ್ಕೊಮ್ಮೆ ಅಂದು ಮಾತ್ರ ಕೆಲಸಗಾರರ ಮನೆಮಂದಿಯನ್ನೆಲ್ಲ ಒಳಗೆ ಬಿಡುತ್ತಾರೆ, ಗೇಟಿನಲ್ಲಿ ಯಾರ ಮೈಯನ್ನೂ ತಡಕುವುದಿಲ್ಲ, ಎಲ್ಲರೂ ಪುರಿ, ಕಡಲೆ, ಬಾಳೆಹಣ್ಣು ಸೆರಗಿನಲ್ಲಿ ಕಟ್ಟಿಕೊಂಡು ಹೋಗುತ್ತಾರೆ. ಕಳ್ಳನಿಗೆ ಅದಕ್ಕಿಂತ ಒಳ್ಳೆಯ ಮುಹೂರ್ತ ಸಿಗಲಿಕ್ಕಿಲ್ಲ.

ಇಬ್ಬರು ಪಂಚರನ್ನು ನಿಲ್ಲಿಸಿಕೊಂಡು ಪಂಚನಾಮೆ ಶುರುವಾಯಿತು. ಬೀಗ ಒಡೆದಿಲ್ಲ, ಗಾಜು ಒಡೆದಿಲ್ಲ. ಪಕ್ಕದ ಮುಚ್ಚಳ ತೆಗೆದರೆ ಒಳಗೆ ಬೆರಳುದಪ್ಪದ ಉಕ್ಕಿನ ಸರಳು; ಕ್ಯಾಮ್ ಕೂರಬೇಕಾದ್ದು ಅದರ ನಡುವೆ. ದಫೇದಾರ್ ಹೈದರ್ ಬಗ್ಗಿ ನೋಡಿ, “ಸಾರ್, ಇಲ್ಲಿ ನೋಡಿ,” ಎಂದ.

ಹೈದರ್ ಠಾಣೆಯ ಹಳೇ ಹುಲಿ. ಅವನು ತೋರಿಸಿದ ಕಡೆ, ಬರಿದಾದ ಸರಳಿನ ನಟ್ಟನಡುವೆ, ಅರಿಶಿನದ ಮೇಲೊಂದು ದುಂಡನೆಯ ಕುಂಕುಮದ ಬೊಟ್ಟು.

“ಇದ್ರಲ್ಲೇನಿದೆ? ಎಲ್ಲಾ ಕಡೆ ಇಟ್ಟಿದ್ದಾರಲ್ಲ,” ಎಂದರು ವರದಾಚಾರ್.

“ಕ್ಯಾಮ್ ಕೂತಿದ್ದಿದ್ರೆ ಈ ಜಾಗ ಅದರ ಕೆಳಗೆ ಮುಚ್ಚಿಹೋಗ್ತಿತ್ತಲ್ವಾ ಸಾರ್?” ಎಂದರು ರಾಮಾಂಜಿನಪ್ಪ. “ಬೊಟ್ಟು ಇಡೋ ಹೊತ್ತಿಗೆ ಕ್ಯಾಮ್ ಇರಲಿಲ್ಲ. ಪೂಜೆ ಆದ ಮೇಲೆ ಕದ್ದಿಲ್ಲ, ಪೂಜೆಗೆ ಅಣಿ ಮಾಡುವಾಗಲೇ ಕದ್ದಿದ್ದಾರೆ. ಕದ್ದು, ಕದ್ದ ಜಾಗಕ್ಕೂ ಕುಂಕುಮ ಇಟ್ಟು, ಮುಚ್ಚಳ ಹಾಕಿದ್ದಾರೆ.”

ಎಷ್ಟೋ ಕಳ್ಳರನ್ನು ಕಂಡಿದ್ದ ಅವರು ಬರಿದು ಮಾಡಿದ ಜಾಗಕ್ಕೆ ಬೊಟ್ಟಿಟ್ಟು ಹೋದ ಕಳ್ಳನನ್ನು ಕಂಡಿರಲಿಲ್ಲ. ಬೊಟ್ಟಿನ ಮೇಲೆ ಬೆರಳು ಒತ್ತಿದ ಗುರುತಿತ್ತು. ಬೆರಳಚ್ಚು ತಜ್ಞರನ್ನು ಕಳಿಸುವಂತೆ ಬೆಂಗಳೂರಿಗೆ ಫೋನು ಮಾಡಿಸಿ, ಗಾಜಿನ ಕೋಣೆಗೆ ಮೊಹರು ಹಾಕಿಸಿದರು.

ಮಧ್ಯಾಹ್ನ ಮುನಾವರ್ ಪಾಷಾನನ್ನು ಕೆಲಸದ ಜಾಗದಿಂದಲೇ ಜೀಪು ಹತ್ತಿಸಬೇಕಾಯಿತು. ಸರ್ಕಲ್ ಇನ್ಸ್‌ಪೆಕ್ಟರಿಂದ ಅಷ್ಟುಹೊತ್ತಿಗೆ ಎರಡು ಸಲ ಫೋನು ಬಂದಿತ್ತು. ಜೀಪು ಗೇಟು ದಾಟುವಾಗ ಕಾಯಿಲ್ ಸೆಕ್ಷನ್ನಿನ ಕಿಟಕಿಗಳಲ್ಲಿ ಹೆಂಗಸರ ಮುಖಗಳು ತುಂಬಿಕೊಂಡವು. ಪಾಷಾನ ಮನೆಯನ್ನು ಶೋಧಿಸಿದರು. ಅವನ ತಾಯಿ ಬಶೀರುನ್ನೀಸಾ ಅಕ್ಕಿ ಡಬ್ಬದಿಂದ ಹಿಡಿದು ಎಲ್ಲವನ್ನೂ ತಾನೇ ತೆಗೆದು ತೋರಿಸಿದಳು. ಏನೂ ಸಿಗಲಿಲ್ಲ.

“ಕ್ಯಾಮ್ ಎಲ್ಲಿ?”

“ನಂಗೊತ್ತಿಲ್ಲ ಸಾರ್.”

“ಮಿಷನ್ನು ಒಂದು ದಿನಾನೂ ಓಡಲ್ಲ ಅಂದ್ಯಂತೆ?”

“ಅಂದೆ. ನಮ್ಮ ಕರೆಂಟನ್ನ ನಂಬ್ಕೊಂಡು ಅಂದೆ. ದಿನಕ್ಕೆ ನಾಲ್ಕು ಸಲ ಹೋಗುತ್ತೆ. ಹೆಂಗಸ್ರ ಕೈಗೆ ಕರೆಂಟು ಬೇಕಾಗಿಲ್ಲ ಸಾರ್.”

ಹೈದರ್ ಮುಖ ತಿರುಗಿಸಿ ನಕ್ಕ. ರಾಮಾಂಜಿನಪ್ಪ ನಗಲಿಲ್ಲ. “ಪೂಜೆ ದಿನ ಎಲ್ಲಿದ್ದೆ?”

“ಗೇಟಲ್ಲಿ ಕುಂಬಳಕಾಯಿ ಒಡೀತಿದ್ದೆ. ಯಾವಾಗ್ಲೂ ನಾನೇ ಒಡೆಯೋದು. ಮ್ಯಾನೇಜರ್ ಸಾಹೇಬ್ರೇ ಕೈಗೆ ಕೊಟ್ರು, ಕೇಳಿ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎನ್ನುತ್ತಾರೆ. ಈತ ಹೆಗಲು ಮುಟ್ಟಿಕೊಳ್ಳಲೂ ಇಲ್ಲ, ಕಣ್ಣು ತಗ್ಗಿಸಲೂ ಇಲ್ಲ. ಆದರೆ ಸರ್ಕಲ್ ಸಾಹೇಬರ ಅಪ್ಪಣೆ ಸ್ಪಷ್ಟವಾಗಿತ್ತು. ಮಂಗಳವಾರ ಸಂಜೆಯೊಳಗೆ ಪಾಷಾನನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿ ರಿಮ್ಯಾಂಡ್ ಪಡೆಯಬೇಕು. ಜೈಲಿನ ಬಾಗಿಲು ದಾಟಿದ ಕೆಲಸಗಾರನಿಗೆ ಮತ್ತೆ ಕಾರ್ಖಾನೆಯ ಬಾಗಿಲು ತೆರೆಯುವುದಿಲ್ಲ. ಅದು ಪಾಷಾನಿಗೂ ಗೊತ್ತಿತ್ತು. ಅವನು ತಾಯಿ ತಂದ ರೊಟ್ಟಿಯನ್ನು ಮುರಿದು ಮುರಿದು ತಟ್ಟೆಯಲ್ಲೇ ಬಿಟ್ಟ.

ಮಂಗಳವಾರ ಬೆಳಿಗ್ಗೆ ಬೆಂಗಳೂರಿನಿಂದ ಬಂದ ಬೆರಳಚ್ಚು ತಜ್ಞರು ಭೂತಗನ್ನಡಿ ಹಿಡಿದು ಬೊಟ್ಟನ್ನು ಬಹಳ ಹೊತ್ತು ನೋಡಿದರು.

“ಬೆರಳಿದೆ, ಗೆರೆ ಇಲ್ಲ,” ಎಂದರು. “ಕೈಗವಸು ಹಾಕಿರಬೇಕು. ಪಳಗಿದ ಕೈ.”

ಅವರು ಹೋದ ಮೇಲೆ ಹೈದರ್ ಗಂಟಲು ಸರಿಮಾಡಿಕೊಂಡ. “ಸಾರ್, ನಮ್ಮ ಠಾಣೆ ಜೀಪಿಗೆ ಪ್ರತಿ ವರ್ಷ ಕುಂಕುಮ ಇಡೋನು ನಾನು. ಕೈಗವಸು ಹಾಕ್ಕೊಂಡು ಇಡೋಕೆ ಬರಲ್ಲ. ಬೊಟ್ಟು ನಿಲ್ಲೋದೇ ಇಲ್ಲ.”

ಪಾಷಾನ ಕೈಯನ್ನು ರಾಮಾಂಜಿನಪ್ಪ ಹಿಂದಿನ ದಿನವೇ ನೋಡಿದ್ದರು. ಫಿಟ್ಟರಿನ ಕೈ. ಬೆರಳ ಒಂದೊಂದು ಗೆರೆಯಲ್ಲೂ ಕರೀ ಗ್ರೀಸು ಕೂತು, ನಕ್ಷೆ ಬರೆದಂತೆ ಎದ್ದು ಕಾಣುತ್ತಿತ್ತು. ಹಾಗಾದರೆ ಗೆರೆಯಿಲ್ಲದ ಬೆರಳು ಯಾರದ್ದು? ಅವರು ಕಾಯಿಲ್ ಸೆಕ್ಷನ್ನಿನ ನಡುವೆ ನಿಧಾನವಾಗಿ ನಡೆಯತೊಡಗಿದರು. ಕೂದಲೆಳೆಯಷ್ಟು ಸಣ್ಣ ತಾಮ್ರದ ತಂತಿ ರೀಲಿನಿಂದ ಬಂದು ಹೆಂಗಸರ ಹೆಬ್ಬೆಟ್ಟು ಮತ್ತು ತೋರುಬೆರಳಿನ ನಡುವೆ ಹಾದು ಸುರುಳಿಗೆ ಸೇರುತ್ತಿತ್ತು. ಬಲಗೈ ಹಿಡಿ ತಿರುಗಿಸುತ್ತದೆ, ಎಡಗೈ ತಂತಿ ಹಿಡಿಯುತ್ತದೆ. ಒಂದು ಕೈ ಸೋತರೆ ಕೈ ಬದಲಾಯಿಸುತ್ತಾರೆ, ಬೆರಳು ಉರಿದರೆ ಬೆರಳು ಬದಲಾಯಿಸುತ್ತಾರೆ.

ಒಬ್ಬ ವಯಸ್ಸಾದ ಹೆಂಗಸಿನ ಮುಂದೆ ನಿಂತರು. ಹೆಸರು ಮುನಿತಾಯಮ್ಮ. ಕಂಪನಿ ಶುರುವಾದ ದಿನದಿಂದ ಇದ್ದವಳು.

“ಎಲ್ಲಿ, ಕೈ ತೋರ್ಸಮ್ಮಾ.”

ಆಕೆ ಅಂಗೈ ಬಿಡಿಸಿದಳು. ಬೆರಳತುದಿಗಳು ತೊಳೆದಿಟ್ಟ ಹುಣಸೆಬೀಜದ ಹಾಗೆ ನುಣ್ಣಗೆ ಹೊಳೆಯುತ್ತಿದ್ದವು. ಒಂದು ಗೆರೆಯಿಲ್ಲ.

“ಇದೇನಮ್ಮಾ ಹಿಂಗೆ?”

“ತಂತಿ ತಿಂದಾಕ್ಯದೆ ಸಾಮಿ. ಎಲ್ಲಾರ್ದೂ ಹಿಂಗೇ.”

ಪಕ್ಕದವಳು ಕೈ ತೋರಿಸಿದಳು, ಅವಳ ಪಕ್ಕದವಳು ತೋರಿಸಿದಳು. ನಿಜವಾಗಿ ಎಲ್ಲರದೂ ಹಾಗೇ ಇತ್ತು. ಕೈಗವಸಿನ ಕಳ್ಳ ಹೋಗಿ ಇನ್ನೂರು ಬರಿಗೈ ಹೆಂಗಸರು ಸಿಕ್ಕರು. ಹುಲ್ಲಿನ ಬಣವೆಯಲ್ಲಿ ಸೂಜಿ ಹುಡುಕುತ್ತಿದ್ದೆ, ಈಗ ಸೂಜಿಯ ಬಣವೆಯೇ ಸಿಕ್ಕಿತಲ್ಲ ಎಂದುಕೊಂಡರು ರಾಮಾಂಜಿನಪ್ಪ.

“ಆ ಗಾಜಿನ ಕೋಣೆ ಮಿಷನ್ನನ್ನ ಪೂಜೆಗೆ ತೊಳೆದೋರು ಯಾರು?”

“ನಾವೇ ಸಾಮಿ. ವರ್ಸಾ ನಮ್ ಮಿಷನ್ನುಗಳ ಎಲೆ ಬಿಚ್ಚಿ, ಸೀಮೆಎಣ್ಣೇಲಿ ತೊಳ್ದು, ಮತ್ತೆ ಹಾಕಿ ಕುಂಕುಮ ಇಡ್ತೀವಿ. ಅದನ್ನೂ ಹಂಗೇ ಮಾಡುದ್ವಿ.” ಎಲೆ ಎಂದರೆ ಕ್ಯಾಮ್. ಕೈ ಮಿಷನ್ನುಗಳಲ್ಲೂ ಅಂಥದೇ ಒಂದು ಸಣ್ಣದಿತ್ತು.

ಇನ್ನೂರು ಜನರ ಕಣ್ಣೆದುರು ಅದು ಹೇಗೆ ಬಿಚ್ಚಿಹೋಯಿತು ಎಂಬುದಕ್ಕೆ ಉತ್ತರ ಸಿಕ್ಕಿತು. ಆ ದಿನ ಎಲ್ಲರ ಕೈಯಲ್ಲೂ ಒಂದೊಂದು ಬಿಚ್ಚಿದ ಎಲೆ ಇತ್ತು.

“ನಾವು ಅಂದ್ರೆ ಯಾರು?”

“ಎಲ್ಲಾರೂವೆ.”

“ಇನ್ನೂರು ಜನಾನೂ ಒಂದು ಮಿಷನ್ನಿಗೆ ಕುಂಕುಮ ಇಟ್ರಾ?”

“ಒಬ್ಬೊಬ್ರು ಒಂದೊಂದು ಬೊಟ್ಟು.”

“ಅಲ್ಲಿ ಇಪ್ಪತ್ತು ಬೊಟ್ಟೂ ಇಲ್ಲವಲ್ಲಮ್ಮಾ.”

“ಮಿಕ್ಕಿದೋರು ಹೂವ ಮುಡಿಸುದ್ವಿ,” ಎಂದಳು ಮುನಿತಾಯಮ್ಮ. ಹಿಂದಿನ ಸಾಲಿನಲ್ಲಿ ಯಾರೋ ಸೆರಗು ಬಾಯಿಗೆ ತುರುಕಿಕೊಂಡರು.

ರಾಮಾಂಜಿನಪ್ಪನಿಗೆ ಸಿಟ್ಟು ಬರಲಿಲ್ಲ. ಆಕೆಯ ಪಕ್ಕದ ಸ್ಟೂಲು ಖಾಲಿಯಿತ್ತು. ಮಿಷನ್ನಿನ ಮೇಲೆ ಬಟ್ಟೆ ಹೊದಿಸಿತ್ತು.

“ಈ ಜಾಗ ಯಾರ್ದು?”

ಹಜಾರದ ಸದ್ದು ಒಮ್ಮೆಲೇ ತಗ್ಗಿದ್ದನ್ನು ಹೈದರ್ ಕೂಡ ಗಮನಿಸಿದ.

“ದ್ಯಾವಮ್ಮಂದು. ಮೈಗೆ ಸರಿಯಿಲ್ಲ,” ಎಂದಳು ಮುನಿತಾಯಮ್ಮ, ತಂತಿಯ ಕಡೆ ನೋಡುತ್ತ.

“ಯಾವಾಗಿಂದ?”

“ನೆನ್ನೆ ಮಧ್ಯಾನ್ದಿಂದ.”

ಪಾಷಾ ಜೀಪು ಹತ್ತಿದ್ದು ನಿನ್ನೆ ಮಧ್ಯಾಹ್ನ. ರಾಮಾಂಜಿನಪ್ಪ ಅಲ್ಲಿ ಮತ್ತೇನೂ ಕೇಳದೆ ವರದಾಚಾರ್ ಕೋಣೆಗೆ ಹೋದರು. ಅವರ ತಲೆಯೊಳಗಿನ ನೊಣ ಮತ್ತೆ ಗುಂಯ್ ಎನ್ನುತ್ತಿತ್ತು.

“ಸಾರ್, ಒಂದು ಮಾತು. ನಲವತ್ತೆರಡು ಜನರನ್ನ ಬಿಡ್ತೀವಿ ಅಂದ್ರಲ್ಲ. ಅದೇ ನಲವತ್ತೆರಡು ಜನ ಯಾಕೆ? ಯಾರನ್ನ ಬಿಡ್ಬೇಕು ಅಂತ ಹೇಗೆ ಗೊತ್ತಾಯ್ತು?”

ತಮ್ಮ ಕಂಪನಿಯ ಜಾಣತನದ ಬಗ್ಗೆ ಯಾರಾದರೂ ಕೇಳಿದರೆ ವರದಾಚಾರರಿಗೆ ಹಿಗ್ಗು. ಕಾಫಿ ತರಿಸಿದರು. “ಎಲ್ಲಾ ವೈಜ್ಞಾನಿಕ, ಇನ್ಸ್‌ಪೆಕ್ಟರೇ. ಗಂಟೆಗೆ ಎಷ್ಟು ಸುರುಳಿ ಸುತ್ತಬಹುದು ಅಂತ ಒಂದು ಅಳತೆ ಬೇಕಲ್ಲ? ನಮ್ಮಲ್ಲಿ ದ್ಯಾವಮ್ಮ ಅಂತ ಒಬ್ಬಳಿದ್ದಾಳೆ. ಅವಳ ಕೈಗೆ ಮಿಷನ್ನೂ ನಾಚಬೇಕು. ನಮ್ಮ ಇಂಜಿನಿಯರು ಒಂದು ವಾರ ಅವಳ ಪಕ್ಕ ಸ್ಟಾಪ್ ವಾಚ್ ಹಿಡಿದು ಕೂತ. ಅವಳ ವೇಗವನ್ನೇ ಅಳತೆ ಮಾಡಿಕೊಂಡ್ವಿ. ಅದರ ಮುಕ್ಕಾಲು ಭಾಗವೂ ಮುಟ್ಟದವರು ನಲವತ್ತೆರಡು ಜನ ಸಿಕ್ಕಿದ್ರು. ವಯಸ್ಸಾದವರು, ಕಣ್ಣು ಮಂಜಾದವರು.”

“ಮುನಿತಾಯಮ್ಮ?”

“ಅವಳೂ ಇದ್ದಾಳೆ. ಪಾಪ, ದ್ಯಾವಮ್ಮನಿಗೆ ಕೆಲಸ ಕಲಿಸಿದ್ದೇ ಅವಳು.”

“ಈ ಅಳತೆ ಯಾತಕ್ಕೆ ಅಂತ ದ್ಯಾವಮ್ಮನಿಗೆ ಗೊತ್ತಿತ್ತಾ?”

“ಗೊತ್ತಾಗೋದೇನಿದೆ? ಯುಗಾದಿ ಸಮಾರಂಭದಲ್ಲಿ ವೇದಿಕೆಗೆ ಕರೆದು, ಕೈ ಕೆಸರಾದರೆ ಬಾಯಿ ಮೊಸರು ಅಂತ ಭಾಷಣ ಮಾಡಿ, ಒಂದು ಟ್ರಾನ್ಸಿಸ್ಟರ್ ಬಹುಮಾನ ಕೊಟ್ವಿ. ಎಲ್ಲರೂ ಚಪ್ಪಾಳೆ ತಟ್ಟಿದ್ರು.”

ರಾಮಾಂಜಿನಪ್ಪ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು.

ದ್ಯಾವಮ್ಮನ ಮನೆ ದೊಡ್ಡಕೆರೆ ಏರಿಯ ಕೆಳಗಿನ ಕೇರಿಯಲ್ಲಿತ್ತು. ಒಂದಂಕಣದ ಹೆಂಚಿನ ಮನೆ. ಗಂಡ ಸಂತೆಯಲ್ಲಿ ತರಕಾರಿ ಮಾರುವವನು, ಆ ಹೊತ್ತಿಗೆ ಮನೆಯಲ್ಲಿರಲಿಲ್ಲ. ಬಾಗಿಲು ಹಾರುಹೊಡೆದಿತ್ತು. ನಡುಗಂಬಕ್ಕೆ ಒರಗಿ ಕೂತಿದ್ದ ಹೆಂಗಸು ಪೊಲೀಸರನ್ನು ಕಂಡು ಎದ್ದು ನಿಂತಳು. ಮೂವತ್ತೈದರ ಸುಮಾರು, ತೆಳ್ಳನೆಯ ಮೈ, ಉದ್ದನೆಯ ಬೆರಳು.

ಕೇಳಬೇಕಾದ್ದನ್ನು ಕೇಳುವ ಮೊದಲೇ ರಾಮಾಂಜಿನಪ್ಪನ ಕಣ್ಣು ಗೋಡೆಯ ಗೂಡಿನ ಮೇಲೆ ಬಿತ್ತು. ಆಯುಧಪೂಜೆಯ ಸಾಮಾನುಗಳನ್ನು ಇನ್ನೂ ತೆಗೆದಿರಲಿಲ್ಲ. ಈಳಿಗೆಮಣೆ, ಕುಡುಗೋಲು, ಗಂಡನ ತಕ್ಕಡಿ, ಎಲ್ಲಕ್ಕೂ ಅರಿಶಿನ ಕುಂಕುಮ, ಒಂದೊಂದು ಚೆಂಡುಹೂವು. ತಕ್ಕಡಿಯ ಪಕ್ಕದಲ್ಲಿ, ಉಳಿದ ಎಲ್ಲದಕ್ಕಿಂತ ಹೆಚ್ಚು ಹೊಳೆಯುತ್ತ, ವೀಳ್ಯದೆಲೆಯಷ್ಟಗಲದ ಒಂದು ಉಕ್ಕಿನ ತುಂಡು. ಅದಕ್ಕೂ ಕುಂಕುಮ, ಅದಕ್ಕೂ ಹೂವು. ಗೂಡಿನ ಮೂಲೆಯಲ್ಲಿ ಒಂದು ಟ್ರಾನ್ಸಿಸ್ಟರ್ ರೇಡಿಯೋ ಮಾತ್ರ ಗೋಡೆಗೆ ಮುಖ ಮಾಡಿ ಕೂತಿತ್ತು. ಅದಕ್ಕೆ ಹೂವಿರಲಿಲ್ಲ.

“ಅಯ್ಯೋ,” ಎಂದ ಹೈದರ್, ತನಗೇ ತಿಳಿಯದೆ. ಬಾವಿಗೆ ಎಸೆದಿದ್ದರೆ, ಕೆರೆಗೆ ಎಸೆದಿದ್ದರೆ, ಹಿತ್ತಲಲ್ಲಿ ಹೂತಿದ್ದರೆ ಬ್ರಹ್ಮನಿಗೂ ಸಿಗುತ್ತಿರಲಿಲ್ಲ.

“ಇದನ್ನ ಬಚ್ಚಿಡಬೇಕು ಅನ್ನಿಸ್ಲಿಲ್ವೇನಮ್ಮಾ?” ರಾಮಾಂಜಿನಪ್ಪ ಕೇಳಿದ ಮೊದಲ ಪ್ರಶ್ನೆ ಅದೇ ಆಗಿಹೋಯಿತು.

“ರಾಗಿ ವಾಡೇಲಿ ಇಟ್ಟಿದ್ದೆ ಸಾಮಿ. ಶುಕ್ರವಾರ ಎಲ್ಲಾದ್ಕೂ ಪೂಜೆ ಮಾಡ್ತಾ ಇದ್ದೆ. ಮನೇಲಿರೋ ಹತ್ಯಾರಕ್ಕೆ ಆ ದಿನ ಪೂಜೆ ಮಾಡದೆ ಕತ್ಲಲ್ಲಿ ಬಿಡಕಾಯ್ತದಾ? ಅದೇನ್ ತಪ್ಪು ಮಾಡ್ಯದೆ? ತೆಗ್ದು ಇಟ್ಟೆ. ಆಮೇಲೆ ಮತ್ತೆ ವಾಡೇಗೆ ಹಾಕಕೆ ಕೈ ಬರ್ಲಿಲ್ಲ.”

“ಮಿಷನ್ನಿನ ಒಳಗೆ, ತೆಗೆದ ಜಾಗಕ್ಕೆ ಬೊಟ್ಟಿಟ್ಟಿದ್ದು?”

“ಬೋಳು ಹಣೆ ಥರ ಕಾಣ್ತಿತ್ತು.”

“ಯಾರು ಹೇಳಿಕೊಟ್ರು? ಪಾಷಾನಾ?”

ಆಕೆ ಮೊದಲ ಸಲ ದನಿ ಎತ್ತಿದಳು. “ಪಾಷಣ್ಣಂಗೆ ಏನೂ ಗೊತ್ತಿಲ್ಲ. ಆವಯ್ಯನ್ನ ಜೀಪಿಗೆ ಹತ್ತಿಸ್ದಾಗ ನಾನು ಕಿಟಕೀಲಿದ್ದೆ. ಅವಾಗಿಂದ ಬಾಗ್ಲು ಹಾಕಿಲ್ಲ ಸಾಮಿ. ಠಾಣೆ ತಂಕ ಬಂದು ಹೇಳಕೆ ಕ್ವಾಟೆ ಬಾಗ್ಲ ತಂಕ ಬಂದೆ, ಕಾಲು ಬರ್ಲಿಲ್ಲ. ನೀವೇ ಬತ್ತೀರಿ ಅಂತ ಕಾಯ್ತಾ ಕೂತಿದ್ದೆ.”

“ಯಾಕಮ್ಮಾ ಮಾಡ್ದೆ? ನಿನ್ನ ಕೆಲಸಕ್ಕೇನೂ ಕುತ್ತಿರಲಿಲ್ಲವಲ್ಲ. ಎಲ್ಲರಿಗಿಂತ ಚುರುಕು ನೀನೇ ಅಂತಲ್ಲ.”

ದ್ಯಾವಮ್ಮ ತನ್ನ ಕೈಯನ್ನೇ ನೋಡಿಕೊಂಡಳು. “ಅದಕ್ಕೇ ಮಾಡಿದ್ದು. ಗಡಿಯಾರ ಹಿಡ್ಕಂಡು ಕೂತ್ಕಂಡ್ರಲ್ಲ, ನಂಗೆ ಜಂಬ ಬಂತು ಸಾಮಿ. ದಿನಕ್ಕಿಂತ ಜಾಸ್ತೀನೇ ಓಡಿಸ್ದೆ. ಒಂದು ವಾರ ಉಚ್ಚೇಗೂ ಎದ್ದೋಗ್ಲಿಲ್ಲ. ಎಲ್ಲಾರೂ ನೋಡ್ಲಿ ಅಂತ. ರೇಡಿಯೋ ಕೊಟ್ರು, ಮುನಿತಾಯಕ್ಕನೇ ಎಲ್ಲಾರ್ಗಿಂತ ಜೋರಾಗಿ ಚಪ್ಪಾಳೆ ತಟ್ಟುದ್ಲು. ಆಮೇಲೆ ಆಫೀಸಿಂದ ಪಟ್ಟಿ ಸುದ್ದಿ ಹೊರಗ್ ಬಂದು ಗೊತ್ತಾಯ್ತು, ನನ್ ಕೈಯೇ ಆ ನಲವತ್ತೆರಡು ಜನದ ಕುತ್ತಿಗೇಗೆ ಅಳತೆ ಆಗ್ಯದೆ ಅಂತ. ಹೆಂಗೆ ಹಿಡಿ ಹಿಡೀಬೇಕು ಅಂತ ಬೆರಳು ಹಿಡಿದು ಕಲ್ಸಿದೋಳು ಮುನಿತಾಯಕ್ಕ. ಅವಳ್ನ ಕೇಳ್ದೆ, ನನ್ ಮೇಲೆ ಕ್ವಾಪನಾ ಅಕ್ಕಾ ಅಂತ. ನಿನ್ ಕೈ ಚುರುಕು ಕಣೇ, ನಿಂದೇನ್ ತಪ್ಪು ಅಂದ್ಲು. ಬೈದಿದ್ರೆ ಇಷ್ಟು ಮಾಡ್ತಿರ್ಲಿಲ್ಲ.”

ರಾಮಾಂಜಿನಪ್ಪ ನೆರೆಮನೆಯ ಇಬ್ಬರನ್ನು ಪಂಚರನ್ನಾಗಿ ಕರೆಸಿ, ಜಪ್ತಿ ಪಂಚನಾಮೆ ಬರೆಸಿ, ಕ್ಯಾಮನ್ನು ಕುಂಕುಮದ ಸಮೇತ ಬಟ್ಟೆಯಲ್ಲಿ ಸುತ್ತಿ ಮೊಹರು ಹಾಕಿಸಿದರು. ಮಧ್ಯಾಹ್ನ ಎರಡೂವರೆಗೆ ಆರೋಪಿ ದ್ಯಾವಮ್ಮನನ್ನು ದಸ್ತಗಿರಿ ಮಾಡಲಾಯಿತು. ಠಾಣೆಯಲ್ಲಿ ಹೆಂಗಸು ಪೊಲೀಸರಿಲ್ಲದ ಕಾರಣ ಜೊತೆಗೆ ಯಾರನ್ನಾದರೂ ಕರೆಸಬೇಕಿತ್ತು. ಹೇಳಿಕಳಿಸಿದ ಅರ್ಧಗಂಟೆಯಲ್ಲಿ ಮುನಿತಾಯಮ್ಮ ಏದುಸಿರು ಬಿಡುತ್ತ ಬಂದಳು. ಬಂದವಳೇ ದ್ಯಾವಮ್ಮನ ತಲೆಯ ಮೇಲೆ ಒಂದು ಮೊಟಕಿ, ಆಮೇಲೆ ಅಪ್ಪಿಕೊಂಡಳು.

ಪಾಷಾನನ್ನು ಬಿಟ್ಟಾಗ ಅವನು ಠಾಣೆಯ ಮೆಟ್ಟಿಲ ಬಳಿ ನಿಂತು ದ್ಯಾವಮ್ಮನನ್ನು ನೋಡಿದ.

“ಅಕ್ಕಾ, ಒಂದು ಮಾತು ಹೇಳಿದ್ರೆ ನಾನೇ ಒಪ್ಕೊತಿದ್ದೆ,” ಎಂದ.

“ಅದಕ್ಕೇ ಹೇಳ್ಲಿಲ್ಲ ಕಣಣ್ಣ,” ಎಂದಳು ಅವಳು.

ಸಂಜೆ ನಾಲ್ಕಕ್ಕೆ ಬಿಳಿ ಅಂಬಾಸಡರ್ ಮತ್ತೆ ಬಂತು. ವರದಾಚಾರ್ ನಗುನಗುತ್ತ ಒಳಗೆ ಬಂದು ರಾಮಾಂಜಿನಪ್ಪನ ಕೈಕುಲುಕಿದರು. “ಭೇಷ್, ಇನ್ಸ್‌ಪೆಕ್ಟರೇ! ಕೊಡಿ ಕ್ಯಾಮು. ರಾತ್ರಿಯೇ ಕೂರಿಸಿಬಿಡ್ತೀವಿ.”

“ಅದು ಮುದ್ದೆಮಾಲು ಸಾರ್.”

“ಅಂದ್ರೆ?”

“ಕೇಸಿನ ಸ್ವತ್ತು. ಮೊಹರು ಹಾಕಿ ಕೋರ್ಟಿಗೆ ಒಪ್ಪಿಸ್ತಿದ್ದೀನಿ. ಕೋರ್ಟು ಬಿಡುಗಡೆ ಮಾಡಿದ ದಿನ ನಿಮ್ಮದು.”

“ಎಷ್ಟು ದಿನ ಹಿಡಿಯುತ್ತೆ?”

“ಕೋರ್ಟು ಸಾರ್,” ಎಂದರು ರಾಮಾಂಜಿನಪ್ಪ. ಕಾನೂನಿಗೆ ಒಂದು ಕೂದಲೆಳೆಯಷ್ಟೂ ಚ್ಯುತಿ ಬರದ ಉತ್ತರ ಅದು. ಅದನ್ನು ಹೇಳುವಾಗ ಅವರಿಗೆ ಆದ ಸಂತೋಷ ಮಾತ್ರ ಯಾವ ಕಲಮಿನಲ್ಲೂ ಇರಲಿಲ್ಲ.

ಡೈರೆಕ್ಟರುಗಳು ಬಂದು ಹಾರ ಹಾಕಿಕೊಂಡು ನಿಂತ ಮಿಷನ್ನನ್ನು ನೋಡಿಕೊಂಡು ಹೋದರು. ಕ್ಯಾಮು ನ್ಯಾಯಾಲಯದ ಬೀರುವಿನಿಂದ ಹೊರಬಂದದ್ದು ಸಂಕ್ರಾಂತಿ ಕಳೆದ ಮೇಲೆ. ಅಲ್ಲಿಯತನಕ ಮುನಿತಾಯಮ್ಮನೂ ಉಳಿದ ನಲವತ್ತೊಂದು ಜನರೂ ತಮ್ಮ ತಮ್ಮ ಸ್ಟೂಲಿನ ಮೇಲೆ ಕೂತು ತಂತಿ ಸುತ್ತಿದರು. ಆಮೇಲೆ ಸುತ್ತಲಿಲ್ಲ. ಮೊಗಸಾಲೆಯ ಹಲಗೆಯಲ್ಲಿ ಆ ವರ್ಷವೂ ಕೆಂಪು ಗೆರೆ ಮೇಲಕ್ಕೇ ಹೋಯಿತು.

ಆದರೆ ಅದೆಲ್ಲ ನಂತರದ ಮಾತು. ಆ ಮಂಗಳವಾರ ಸಂಜೆ ಠಾಣೆಯಲ್ಲಿ ಒಂದು ಕೆಲಸ ಬಾಕಿಯಿತ್ತು. ದಸ್ತಗಿರಿಯಾದವರ ಹತ್ತು ಬೆರಳಿನ ಅಚ್ಚು ತೆಗೆದು ಬೆಂಗಳೂರಿಗೆ ಕಳಿಸಬೇಕು. ಹೈದರ್ ದ್ಯಾವಮ್ಮನ ಬೆರಳುಗಳನ್ನು ಒಂದೊಂದಾಗಿ ಮಸಿಯಲ್ಲಿ ಹೊರಳಿಸಿ ಕಾಗದದ ಮೇಲೆ ಒತ್ತಿದ. ಹತ್ತು ಕಪ್ಪು ಮಚ್ಚೆ ಬಿದ್ದವು. ಸೀಮೆಎಣ್ಣೆಯಲ್ಲಿ ಒರೆಸಿ, ಮಸಿ ತೆಳುವಾಗಿ ಬಳಿದು ಇನ್ನೊಮ್ಮೆ ಒತ್ತಿದ. ಮತ್ತೆ ಹತ್ತು ಮಚ್ಚೆ.

“ತಪ್ಪು ನಂದೇನಾ ಸಾಮಿ?” ಎಂದು ಕೇಳಿದಳು ದ್ಯಾವಮ್ಮ, ಗಾಬರಿಯಿಂದ.

“ಇಲ್ಲಮ್ಮಾ,” ಎಂದ ಹೈದರ್.

ಹದಿನೈದು ದಿನದ ಮೇಲೆ ಆ ಕಾಗದ ಬೆಂಗಳೂರಿನಿಂದ ವಾಪಸು ಬಂತು. ಇವುಗಳಲ್ಲಿ ಗುರುತು ಹಿಡಿಯುವಂಥದ್ದು ಏನೂ ಇಲ್ಲ, ಆರೋಪಿಯ ಸರಿಯಾದ ಬೆರಳಚ್ಚು ತೆಗೆದು ಕಳಿಸತಕ್ಕದ್ದು ಎಂದು ಮೇಲೆ ಬರೆದಿತ್ತು. ರಾಮಾಂಜಿನಪ್ಪ ಪೆನ್ನು ತೆಗೆದು ಅದರ ಕೆಳಗೇ ಉತ್ತರ ಬರೆದರು:

“ಇವು ಸರಿಯಾದ ಬೆರಳುಗಳೇ. ಹನ್ನೊಂದು ವರ್ಷ ಮಂಜುಘೋಷ ಕಂಪನಿಯಲ್ಲಿ ತಂತಿ ಸುತ್ತಿವೆ. ಆರೋಪಿಗೆ ಬೇರೆ ಬೆರಳುಗಳಿಲ್ಲ.”

ರುಜು ಹಾಕಿ, ತಾರೀಖು ಬರೆದು, ಟಪಾಲಿಗೆ ಹಾಕುವಂತೆ ಹೈದರ್ ಕೈಗೆ ಕೊಟ್ಟರು.